ಗೂಡು ಕಟ್ಟದವರ ಗಿನಿ ಕೋಳಿ

ಗಿನಿ ಕೋಳಿಗೆ ನಿಯತ್ತಿಲ್ಲವಂತೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಎಲ್ಲಿ ಬೇಕಾದರೂ ತಂದು ಸಾಕಿದವರನ್ನು ಕೇಳಿ, ಇದೇ ದೂರು. ಕಾಸು ಕೊಟ್ಟು ತಂದೆವು. ಕಾಳು ಹಾಕಿದೆವು. ಹೊತ್ತು ಮುಳುಗಿದರೆ ಗೂಡಿಗೆ ಬರಲ್ಲ, ಮರ ಹತ್ತುತ್ತೆ. ಬೆಳಗ್ಗೆ ಎಣಿಸಿದರೆ ಎರಡು ಕಡಿಮೆ.

ವಿಚಾರಿಸಲು ಹೋದರೆ ಮಾತು ನಡೆಯುವುದು ಹೀಗೆ.

"ಏನಣ್ಣ, ಎಷ್ಟು ಉಳಿದವೆ?"

"ಹತ್ತು ತಂದಿದ್ದೆ ಕಣಣ್ಣ. ಮೂರವೆ."

"ಗೂಡೆಲ್ಲಿ?"

"ಅದೇ ಕಟ್ಟಿಸ್ಬೇಕು ಅಂತಿದ್ದೆ. ಅಷ್ಟ್ರಲ್ಲಿ ಓಡೋದ್ವು. ನಿಯತ್ತಿಲ್ಲದ ಜಾತಿ, ಬುಡಣ್ಣ."

ಕಟ್ಟದ ಗೂಡಿಗೆ ಕೋಳಿ ಬರಲಿಲ್ಲ. ತಪ್ಪಿತಸ್ಥ ಯಾರು? ಕೋಳಿ.

ಆಫ್ರಿಕಾದ ಹಕ್ಕಿ ಅದು. ಹಗಲೆಲ್ಲ ನೆಲ ಕೆದಕುವುದು, ಕತ್ತಲಾದರೆ ಎತ್ತರ ಹುಡುಕುವುದು ಅದರ ವಂಶದ ಪದ್ಧತಿ. ಬರೇಲಿ ಬಳಿಯ ಇಜ್ಜತ್‌ನಗರದಲ್ಲಿ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯಿದೆ. ಅವರು ಬೆಳೆಸಿದ ತಳಿಗಳಿಗೆ ಕಾದಂಬರಿ, ಚಿತಂಬರಿ, ಶ್ವೇತಾಂಬರಿ ಎಂದು ಹೆಸರಿಟ್ಟರು. ಹೆಸರು ನಮ್ಮದಾಯಿತು. ಬುದ್ಧಿ ಆಫ್ರಿಕಾದ್ದೇ ಉಳಿಯಿತು. ಶ್ವೇತಾಂಬರಿ ಎಂದು ಕರೆದ ಮಾತ್ರಕ್ಕೆ ಸಂಜೆ ಆರಕ್ಕೆ ಬಂದು ಕೈಕಾಲು ತೊಳೆದು ಒಳಗೆ ಹೋಗುತ್ತದೆಯೇ?

ಹಾಗಂತ ಅದಕ್ಕೆ ಗೂಡು ಕಲಿಸಲಾಗದು ಅಂತಲ್ಲ. ಕಲಿಸಬಹುದು. ಕಷ್ಟವೂ ಇಲ್ಲ. ಬೇಸರ ಇದೆ, ಅಷ್ಟೇ. ನಮಗೆ ಆಗದಿರುವುದು ಆ ಬೇಸರವೇ.

ತಂದ ಹಕ್ಕಿಯನ್ನು ನಾಲ್ಕರಿಂದ ಆರು ವಾರ ಗೂಡಿನಲ್ಲೇ ಕೂಡಿಹಾಕಬೇಕು. ಅದು ಇದನ್ನೇ ಮನೆ ಎಂದು ತಿಳಿಯುವವರೆಗೆ. ನಮ್ಮವರು ಏನು ಮಾಡುತ್ತಾರೆ? ಭಾನುವಾರ ತರುತ್ತಾರೆ, ಸೋಮವಾರ ಬಿಡುತ್ತಾರೆ, ಮಂಗಳವಾರ ಹುಡುಕುತ್ತಾರೆ. ಬುಧವಾರ ಮಾರಿದವನಿಗೆ ಫೋನು. ಅವನು ಎತ್ತುವುದಿಲ್ಲ. ಅವನಿಗೆ ಮಾತ್ರ ನಿಯತ್ತಿನ ಪ್ರಶ್ನೆ ಯಾರೂ ಕೇಳುವುದಿಲ್ಲ.

ಕೂಡಿಹಾಕುವ ಅವಧಿ ಮುಗಿದ ಮೇಲೂ ಬಾಗಿಲು ಪೂರ್ತಿ ತೆರೆದುಬಿಡುವ ಹಾಗಿಲ್ಲ. ಹೊತ್ತು ಮುಳುಗಲು ಒಂದು ಗಂಟೆ ಇರುವಾಗ ಒಂದೋ ಎರಡೋ ಹಕ್ಕಿ ಹೊರಗೆ. ಮಿಕ್ಕವು ಒಳಗೆ. ಗಿನಿ ಕೋಳಿಗೆ ಒಂಟಿತನ ಆಗದು. ಒಳಗಿನ ಗುಂಪು ಕೂಗುತ್ತದೆ, ಹೊರಗಿನದು ಗೂಡಿನ ಸುತ್ತಲೇ ಸುತ್ತುತ್ತದೆ. ಹಗಲು ಹೊಟ್ಟೆ ಬಿರಿಯುವಷ್ಟು ಹಾಕದೆ ಸಂಜೆಗೆ ಹಸಿವು ಉಳಿಸಿರಬೇಕು. ಗೂಡಿನೊಳಗೆ ನವಣೆ ಚೆಲ್ಲಿ, ದಿನಾ ಒಂದೇ ದನಿಯಲ್ಲಿ ಕರೆಯಬೇಕು. ಡಬ್ಬ ಅಲ್ಲಾಡಿಸುವುದಾದರೆ ದಿನಾ ಅದೇ ಡಬ್ಬ. ಮರುದಿನ ಇನ್ನೆರಡು ಹಕ್ಕಿ. ಹೀಗೆ ಎಲ್ಲ ಬಿಡುವ ಹೊತ್ತಿಗೆ ಸಂಜೆಯ ಕರೆಗೆ ಅವೇ ಸಾಲುಗಟ್ಟಿ ಬರುತ್ತವೆ.

ಗೂಡಿನಲ್ಲೂ ಒಂದು ಸೂಕ್ಷ್ಮ ಇದೆ. ಕತ್ತಲ ಬಿಲಕ್ಕೆ ಈ ಹಕ್ಕಿ ನುಗ್ಗುವುದಿಲ್ಲ. ಒಳಗೊಂದು ಸಣ್ಣ ಬಲ್ಬು ಬೇಕು. ಎತ್ತರದಲ್ಲಿ ಕೂರಲು ಅಡ್ಡಗೋಲುಗಳು ಬೇಕು. ಬಾಗಿಲು ಅಗಲ ಬೇಕು. ಮೊಣಕಾಲೆತ್ತರದ ಕತ್ತಲ ಪೆಟ್ಟಿಗೆಗೆ ಗೂಡು ಎಂದು ಹೆಸರಿಟ್ಟು, "ಒಳಕ್ಕೆ ಹೋಗಲ್ಲ ಅಂತದೆ" ಎನ್ನುವವರನ್ನು ಒಂದು ರಾತ್ರಿ ಅದರೊಳಗೆ ಮಲಗಿಸಬೇಕು.

ಇಷ್ಟರ ಬದಲು ನಾವು ಮಾಡುವುದು ಬೆನ್ನಟ್ಟುವುದು. ಮಗ ಒಂದು ಕಡೆಯಿಂದ, ಅಪ್ಪ ಇನ್ನೊಂದು ಕಡೆಯಿಂದ, ಕೋಲು ಹಿಡಿದು. ಸಿಕ್ಕರೆ ಕಾಲು ಹಿಡಿದು ಎಳೆಯುವುದು. ಗಿನಿ ಕೋಳಿಯ ಕಾಲಿಗೆ ಬೇಗ ಪೆಟ್ಟಾಗುತ್ತದೆ. ಕುಂಟಿದ ಕೋಳಿ ಭಾನುವಾರ ಸಾರಿಗೆ. ಅಲ್ಲಿಗೆ ತರಬೇತಿ ಮುಕ್ತಾಯ.

ಮರಿ ಮಾಡಿಸುವುದು ಇದಕ್ಕಿಂತ ಚೆಂದ. ನಾಟಿ ಕೋಳಿಯ ಮೊಟ್ಟೆ ಇಪ್ಪತ್ತೊಂದು ದಿನಕ್ಕೆ ಒಡೆಯುತ್ತದೆ. ಗಿನಿ ಕೋಳಿಯದಕ್ಕೆ ಇಪ್ಪತ್ತಾರರಿಂದ ಇಪ್ಪತ್ತೆಂಟು. ಇಪ್ಪತ್ತೆರಡನೆಯ ದಿನ ಮೊಟ್ಟೆ ಅಲ್ಲಾಡಿಸಿ ನೋಡಿ, ಕೆಟ್ಟಿದೆ ಎಂದು ತಿಪ್ಪೆಗೆ ಎಸೆಯುವ ಮಹಾನುಭಾವರಿದ್ದಾರೆ. ಹುಟ್ಟಿದ ಮರಿಗೆ ಮೊದಲ ಎರಡು ವಾರ ಒದ್ದೆ ಎಂದರೆ ಸಾವು. ಬೆಳಗಿನ ಇಬ್ಬನಿಯ ಹುಲ್ಲು ಸಾಕು. ಅಂಗೈಯಗಲದ ನೀರಿನ ತಟ್ಟೆಯಲ್ಲೂ ಮುಳುಗುತ್ತದೆ. ತಟ್ಟೆಗೆ ನಾಲ್ಕು ಕಲ್ಲು ಹಾಕಿದರೆ ಬದುಕುತ್ತದೆ. ನಾಲ್ಕು ಕಲ್ಲು! ಜಲ್ಲಿ ಕ್ವಾರಿಗಳಿಗೆ ಬರವಿಲ್ಲದ ಜಿಲ್ಲೆಯಲ್ಲಿ ಅದೂ ಸಿಗುವುದಿಲ್ಲ.

ಮನೆಯ ಅಜ್ಜಿಗೆ ಇವೆಲ್ಲ ಗೊತ್ತು. ಕಾವಿಗೆ ಕೂತ ನಾಟಿ ಕೋಳಿಯ ಕೆಳಗೆ ಗಿನಿ ಮೊಟ್ಟೆ ಇಟ್ಟರೆ, ಹುಟ್ಟಿದವು ಆ ತಾಯಿಯ ಹಿಂದೆಯೇ ಗೂಡಿಗೆ ಹೋಗಿ ಅಭ್ಯಾಸ ಕಲಿಯುತ್ತವೆ ಎಂದು ಆಕೆ ಹೇಳಿಯೂ ಹೇಳುತ್ತಾಳೆ. ಯಾರು ಕೇಳಬೇಕು? ಮೊಮ್ಮಗ ಮೊಬೈಲಿನಲ್ಲಿ ಗಿನಿ ಕೋಳಿ ಸಾಕಿ ಲಕ್ಷಾಧೀಶರಾಗಿ ಎಂಬ ವಿಡಿಯೋ ನೋಡುತ್ತಿದ್ದಾನೆ. ಅದರಲ್ಲಿ ಮಾತಾಡುವವನು ಮರಿ ಮಾರುವವನು. ಅವನಿಗೆ ಲಕ್ಷ ಬಂದಿರುವುದು ನಿಜ.

ಈ ಕಾಯಿಲೆ ಹೊಸದೇ? ಎಮು ನೆನಪಿದೆಯಲ್ಲ. ತಮಿಳುನಾಡಿನ ಪೆರುಂದುರೈಯ ಸೂಸಿ ಎಮು ಕಂಪನಿ 2012ರಲ್ಲಿ ಬಾಗಿಲು ಹಾಕಿದಾಗ ಹೂಡಿದವರ ಹಣವೂ ಹೋಯಿತು, ಹಕ್ಕಿಗೆ ಮೇವೂ ನಿಂತಿತು. ಆಮೇಲೆ ಕಡಕ್‌ನಾಥ್ ಕೋಳಿ ಬಂತು. ಕಪ್ಪು ಮಾಂಸ, ಸರ್ವರೋಗಕ್ಕೂ ಮದ್ದಂತೆ. ಈಗ ಗಿನಿ ಕೋಳಿ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ನಮ್ಮ ಹಿತ್ತಲಿಗೆಂದೇ ಗಿರಿರಾಜ ಕೋಳಿ ಮಾಡಿಕೊಟ್ಟು ದಶಕಗಳಾದವು. ಅದರ ಬಗ್ಗೆ ಯಾರಿಗೂ ಉನ್ಮಾದವಿಲ್ಲ. ಯಾಕೆಂದರೆ ಅದು ಸುಮ್ಮನೆ ಗೂಡಿಗೆ ಬರುತ್ತದೆ.

ಗಿನಿ ಕೋಳಿಯನ್ನು ಮಾರುವುದು ಕಾವಲುಗಾರ ಎಂದು. ಹಾವು ಬಂದರೆ ಕೂಗುತ್ತದೆ, ಅಪರಿಚಿತ ಬಂದರೆ ಕೂಗುತ್ತದೆ. ನಿಜ. ಕೂಗುತ್ತದೆ. ನಾಗರಹೊಳೆ ಅಂಚಿನ ಹಳ್ಳಿಗಳಲ್ಲಿ ಚಿರತೆ ನಾಯಿಯನ್ನೇ ಎತ್ತಿಕೊಂಡು ಹೋಗುವಾಗ ಕೂಗುವ ಹಕ್ಕಿ ಒಳ್ಳೆಯದೇ. ಆದರೆ ನಡುರಾತ್ರಿ ಅದು ಕಿರುಚಿದರೆ ಮನೆಯವರು ಎದ್ದು ಏನು ಮಾಡುತ್ತಾರೆ? ಟಾರ್ಚು ಹಿಡಿದು ಹೊರಗೆ ಬರುತ್ತಾರೆಯೇ? ಕಿಟಕಿಯಿಂದಲೇ ಕೋಳಿಗೆ ಬೈದು ಮಗ್ಗುಲು ಬದಲಿಸುತ್ತಾರೆ. ಕಾವಲುಗಾರ ಬೇಕು, ಸದ್ದು ಮಾಡಬಾರದು.

ಪಕ್ಕದ ಮನೆಯವರಂತೂ ಪಂಚಾಯಿತಿಗೆ ಅರ್ಜಿ ಕೊಡುತ್ತಾರೆ. ಕೋಳಿ ಶಬ್ದದಿಂದ ನೆಮ್ಮದಿ ಹಾಳಾಗಿದೆಯಂತೆ. ಗಣಪತಿ ಕೂರಿಸಿ ಹತ್ತು ದಿನ ಡಿಜೆ ಹಾಕಿದವರು ಇವರೇ.

ಕಬಿನಿ ದಂಡೆಗೆ ಹೋಗಿ. ಕಾಡಿನ ಮೌನಕ್ಕೆ ಒಂದು ರಾತ್ರಿಗೆ ಸಾವಿರಗಟ್ಟಲೆ ಬಾಡಿಗೆ ಕೇಳುವ ರೆಸಾರ್ಟುಗಳು ಅಲ್ಲಿವೆ. ಅಂಥ ಜಾಗದ ಅಂಗಳಕ್ಕೂ ಅಲಂಕಾರಕ್ಕೆಂದು ಗಿನಿ ಕೋಳಿ ಬಿಡಲು ಯಾರಾದರೂ ಹೊರಟರೆ ಆಶ್ಚರ್ಯವಿಲ್ಲ. ಬೆಂಗಳೂರಿನ ಅತಿಥಿ ಬೆಳಗಿನ ಐದಕ್ಕೆ ಬೆಚ್ಚಿಬಿದ್ದು ಎದ್ದು, ಇದು ಯಾವ ಕಾಡುಹಕ್ಕಿ ಎಂದು ಫೋಟೋ ತೆಗೆದುಕೊಳ್ಳುತ್ತಾನೆ.

ಈಗ ಮರದ ವಿಷಯಕ್ಕೆ ಬರೋಣ. ಮರ ಹತ್ತುತ್ತದೆ ಎಂದು ದೂರುವವರೇ, ಯಾವ ಮರ ಸ್ವಾಮಿ? ಈ ನಾಲ್ಕೂ ತಾಲ್ಲೂಕು ಹೊಗೆಸೊಪ್ಪಿನ ಸೀಮೆ. ಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಒಂದು ಕಿಲೋ ಹದ ಮಾಡಲು ಹೆಚ್ಚುಕಡಿಮೆ ನಾಲ್ಕೈದು ಕಿಲೋ ಸೌದೆ ಉರಿಯುತ್ತದೆ. ಬೇಲಿಯ ಮರ ಹೋಯಿತು, ಬದುವಿನ ಮರ ಹೋಯಿತು, ಕೆರೆ ಏರಿಯ ಮರವೂ ಹೋಯಿತು. ಉಳಿದಿರುವುದು ಅಲ್ಲೊಂದು ಇಲ್ಲೊಂದು ತೆಂಗು ಮತ್ತು ವಿದ್ಯುತ್ ಕಂಬ. ಮರ ಕಡಿದವರು ಹಕ್ಕಿ ಕಂಬದ ಮೇಲೆ ಕೂತಿತೆಂದು ಬಯ್ಯುತ್ತಾರೆ.

ಹುಳ ತಿನ್ನಲಿ ಎಂದು ಅದನ್ನು ಹೊಲಕ್ಕೆ ಬಿಡುವುದೂ ಇದೆ. ಹಿಂದಿನ ದಿನ ಆ ಹೊಲಕ್ಕೆ ಔಷಧಿ ಹೊಡೆದಿರುತ್ತಾರೆ. ಹುಳವೂ ಸಾಯುತ್ತದೆ, ಹುಳ ತಿಂದದ್ದೂ ಸಾಯುತ್ತದೆ. ಮೂರನೆಯ ದಿನ ಕೋಳಿ ಮಾರಿದವನ ಮೇಲೆ ರೋಗದ ಕೋಳಿ ಕೊಟ್ಟ ಆರೋಪ.

ಇಷ್ಟು ಬೈದದ್ದು ರೈತರಿಗೆ. ಈಗ ಅವರಿಗಿಂತ ದೊಡ್ಡವರ ಸರದಿ.

ತಂಬಾಕು ಬಿಡಿ, ಕೋಳಿ ಸಾಕಿ, ಕುರಿ ಸಾಕಿ, ರೇಷ್ಮೆ ಮಾಡಿ ಎಂಬ ಉಪದೇಶ ಕೇಳಿ ಕೇಳಿ ಈ ಸೀಮೆಯ ಕಿವಿ ತೂತು ಬಿದ್ದಿದೆ. ತಂಬಾಕು ನಿಯಂತ್ರಣದ ಜಾಗತಿಕ ಒಪ್ಪಂದವನ್ನು ಭಾರತ 2004ರಲ್ಲೇ ಅನುಮೋದಿಸಿತು. ಬೆಳೆಗಾರರಿಗೆ ಬೇರೆ ದಾರಿ ತೋರಿಸಬೇಕು ಎಂಬುದು ಅದರಲ್ಲೇ ಇದೆ. 2016ರಿಂದ ಸಿಗರೇಟು ಪ್ಯಾಕಿನ ಶೇ. 85 ಭಾಗದಲ್ಲಿ ಚಿತ್ರಸಹಿತ ಎಚ್ಚರಿಕೆ. ಆರೋಗ್ಯ ಸಚಿವಾಲಯದ ಕಾಳಜಿ ಅದು. ಅದೇ ಸರ್ಕಾರದ ವಾಣಿಜ್ಯ ಸಚಿವಾಲಯದ ಕೆಳಗೆ ತಂಬಾಕು ಮಂಡಳಿ ಕೂತಿದೆ, 1976ರಿಂದ. ಒಂದು ಕೈ ಪ್ಯಾಕಿನ ಮೇಲೆ ಕ್ಯಾನ್ಸರಿನ ಚಿತ್ರ ಅಂಟಿಸುತ್ತದೆ. ಇನ್ನೊಂದು ಕೈ ಬೆಳೆಗಾರನಿಗೆ ಲೈಸೆನ್ಸು ಬರೆದುಕೊಡುತ್ತದೆ.

ಆ ಎರಡನೆಯ ಕೈಯ ಶಿಸ್ತು ನೋಡಿ. ಬ್ಯಾರನ್ನಿಗೆ ನೋಂದಣಿ ಇದೆ. ಎಷ್ಟು ಬೆಳೆಯಬೇಕು ಎಂಬ ಲೆಕ್ಕ ಇದೆ. ಸಾಲ ಇದೆ, ಗೊಬ್ಬರ ಇದೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯಲ್ಲಿ ಹರಾಜು ಮಾರುಕಟ್ಟೆ ಇದೆ. ದರ ಬಿದ್ದರೆ ಗಲಾಟೆ ಮಾಡಲು ಒಂದು ಗೇಟು ಇದೆ, ಗೇಟಿಗೆ ಬಂದು ಸಮಾಧಾನ ಹೇಳಲು ಅಧಿಕಾರಿ ಇದ್ದಾನೆ. ಮಿತಿ ಮೀರಿ ಬೆಳೆದರೆ ದಂಡ ಇದೆ. ಮನವಿ ಕೊಟ್ಟರೆ ದಂಡ ಮನ್ನಾ ಆಗುವುದೂ ಇದೆ.

ಗಿನಿ ಕೋಳಿಗೆ ಏನಿದೆ? ಒಂದು ದಿನದ ತರಬೇತಿ ಶಿಬಿರ. ಬ್ಯಾನರು, ದೀಪ ಬೆಳಗಿಸುವುದು, ಗಣ್ಯರ ಭಾಷಣ, ಒಂದು ಫೈಲು, ಒಂದು ಪೆನ್ನು, ಮಧ್ಯಾಹ್ನದ ಊಟ. ಊಟಕ್ಕೆ ಬ್ರಾಯ್ಲರ್ ಬಿರಿಯಾನಿ. ಮೊಟ್ಟೆ ಎಲ್ಲಿ ಮಾರಬೇಕು? ಯಾರೂ ಹೇಳುವುದಿಲ್ಲ. ವರ್ಷಕ್ಕೆ ನೂರರ ಆಸುಪಾಸು ಇಡುವ ಹಕ್ಕಿ, ಅದೂ ಬಹುಪಾಲು ಬೇಸಿಗೆ, ಮಳೆಗಾಲದ ತಿಂಗಳುಗಳಲ್ಲಿ. ಮಿಕ್ಕ ತಿಂಗಳು ಮನೆ ಹೇಗೆ ನಡೆಯಬೇಕು? ಪೊದೆಯಲ್ಲಿ ಬಚ್ಚಿಟ್ಟು ಮೊಟ್ಟೆ ಇಡುವ ಹೆಣ್ಣನ್ನು ಮುಂಗುಸಿ ಹಿಡಿದರೆ ವಿಮೆ ಉಂಟೇ? ಗಣ್ಯರು ಅಷ್ಟರಲ್ಲಿ ಕಾರು ಹತ್ತಿರುತ್ತಾರೆ.

ಹಾಗಾಗಿ ರೈತ ಮಳೆ ಬಿದ್ದ ಕೂಡಲೆ ಮತ್ತೆ ಹೊಗೆಸೊಪ್ಪಿನ ಸಸಿ ನೆಡುತ್ತಾನೆ. ತಜ್ಞರು ಇದನ್ನು ರೈತರ ಹಟ ಎನ್ನುತ್ತಾರೆ. ಹಟ ಎಲ್ಲಿ ಬಂತು? ದಿನಾ ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಅದೇ ಡಬ್ಬ ಅಲ್ಲಾಡಿಸಿ ಕಾಳು ಹಾಕಿದವರು ಯಾರು? ತಂಬಾಕು ಮಂಡಳಿ. ಐವತ್ತು ವರ್ಷದ ಹತ್ತಿರಹತ್ತಿರ. ಸಂಜೆಗೆ ಎಲ್ಲಿಗೆ ಬರಬೇಕೆಂದು ರೈತ ಚೆನ್ನಾಗಿ ಕಲಿತಿದ್ದಾನೆ. ಈ ಸೀಮೆಯಲ್ಲಿ ಯಶಸ್ವಿಯಾದ ತರಬೇತಿ ಅದೊಂದೇ.

ನಿಯತ್ತಿನ ಮಾತು ಬಂತಲ್ಲ. ಹುಣಸೂರಿನವರು 2018ರಲ್ಲಿ ಜೆಡಿಎಸ್‌ನಿಂದ ಎ.ಎಚ್. ವಿಶ್ವನಾಥ್ ಅವರನ್ನು ಗೆಲ್ಲಿಸಿ ಕಳಿಸಿದರು. 2019ರ ಜುಲೈನಲ್ಲಿ ಅವರು ರಾಜೀನಾಮೆ ಕೊಟ್ಟು ಮುಂಬೈಗೆ ಹೋದ ಶಾಸಕರ ಗುಂಪಿನಲ್ಲಿದ್ದರು. ಸ್ಪೀಕರ್ ಅನರ್ಹಗೊಳಿಸಿದರು. ಡಿಸೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ನಿಂತು ಸೋತರು. ಮರುವರ್ಷ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಮರ ಹತ್ತಿದ ಹಕ್ಕಿಗೆ ಮರದ ಮೇಲೆಯೇ ಗೂಡು ಕಟ್ಟಿಕೊಡುವ ವ್ಯವಸ್ಥೆ ನಮ್ಮಲ್ಲಿದೆ. ಅದು ಕೋಳಿಗಳಿಗೆ ಮಾತ್ರ ಇಲ್ಲ.

ಇಷ್ಟಾದರೂ ಗಿನಿ ಕೋಳಿ ಬೇಕೇ ಬೇಕು ಎನ್ನುವವರು ಇದ್ದೇ ಇರುತ್ತೀರಿ. ತನ್ನಿ. ಒಂದು ಕೆಲಸ ಮಾಡಿ: ಹಕ್ಕಿ ತರುವ ಮೊದಲು ಗೂಡು ಕಟ್ಟಿ, ಬಲ್ಬು ಹಾಕಿ, ನವಣೆ ತಂದಿಡಿ. ಆಮೇಲೆ ಆರು ವಾರ ಸಂಜೆ ಹೊತ್ತು ನೀವೇ ಮನೆಯಲ್ಲಿರಿ. ಅದು ಆಗುವುದಿಲ್ಲ ಎಂದಾದರೆ ಪೇಟೆಯಲ್ಲಿ ಒಂದು ಕಿಲೋ ಬ್ರಾಯ್ಲರ್ ಕೊಂಡುಕೊಳ್ಳಿ. ಅದು ಎಲ್ಲಿಗೂ ಹಾರಿಹೋಗುವುದಿಲ್ಲ.