ಹೊಸ ಮಂಡಿ: ಬಳಕೆದಾರರ ಕೈಪಿಡಿ (ತೆರಕಣಾಂಬಿ ಆವೃತ್ತಿ)

ಅಭಿನಂದನೆಗಳು. ನೀವು ಕೋಬಾಲ್ಟ್-ಕ್ರೋಮಿಯಂ ಮಂಡಿಯೊಂದರ ಒಡತಿಯಾಗಲಿದ್ದೀರಿ. ಮಿಕ್ಸಿ ತಂದರೂ ಜೊತೆಗೊಂದು ಪುಸ್ತಕ ಬರುತ್ತದೆ, ಬೋರ್‌ವೆಲ್ ಮೋಟರ್ ತಂದರೂ ಬರುತ್ತದೆ. ಮಂಡಿಗೆ ಮಾತ್ರ ಡಿಸ್ಚಾರ್ಜ್ ಸಮರಿ ಎಂಬ ಇಂಗ್ಲಿಷ್ ಹಾಳೆ, ಅದರ ತಳದಲ್ಲಿ ವ್ಯಾಯಾಮ ಮುಂದುವರಿಸಿ ಅನ್ನುವ ಅರ್ಥದ ಎರಡು ಪದ. ಆ ಎರಡು ಪದ ಬಿಡಿಸಿ ಹೇಳುವುದಷ್ಟೇ ಈ ಕೈಪಿಡಿಯ ಕೆಲಸ. ಇದು ಡಾಕ್ಟರ ಮಾತಿಗಾಗಲಿ ಫಿಸಿಯೋ ಮೇಡಂ ಮಾತಿಗಾಗಲಿ ಬದಲಿಯಲ್ಲ. ಅತ್ತಿಗೆ, ಓರಗಿತ್ತಿ, ಪಕ್ಕದ ಮನೆಯವರ ಮಾತಿಗೆ ಖಂಡಿತ ಬದಲಿ.

ಬೆಂಗಳೂರು ಆವೃತ್ತಿಯಲ್ಲಿ ಲಿಫ್ಟು, ಕಮೋಡು, ಮನೆ ಬಾಗಿಲಿಗೆ ಬರುವ ಥೆರಪಿಸ್ಟು ಇರುತ್ತಾರೆ. ನಮ್ಮ ಆವೃತ್ತಿಯಲ್ಲಿ ಜಗಲಿ, ಹಿತ್ತಲ ಕಕ್ಕಸು, ಹಾಗೂ ನೋಡಿಕೊಂಡು ಹೋಗಲು ಬರುವ ನೆಂಟರು.

ಪೆಟ್ಟಿಗೆಯಲ್ಲಿ ಏನಿದೆ

ಮಂಡಿ ಬದಲಿಸುತ್ತಾರೆ ಎಂದರೆ ಮಂಡಿಯನ್ನೇ ಕಿತ್ತು ಹಾಕುತ್ತಾರೆ ಎಂದು ಊರಿನಲ್ಲಿ ನಂಬಿದ್ದಾರೆ. ಹಾಗಲ್ಲ. ತೊಡೆಮೂಳೆಯ ತುದಿಯಲ್ಲೂ ಕಣಕಾಲ ಮೂಳೆಯ ತಲೆಯಲ್ಲೂ ಸವೆದ ಭಾಗವನ್ನು ಕೆಲವೇ ಮಿಲಿಮೀಟರ್‌ನಷ್ಟು ಕೊಯ್ದು, ಮೇಲೊಂದು ಲೋಹದ ಟೋಪಿ, ಕೆಳಗೊಂದು ಲೋಹದ ತಟ್ಟೆ, ನಡುವೆ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆ ಕೂರಿಸುತ್ತಾರೆ. ಕಾಲನ್ನು ಎತ್ತಿ ನಡೆಸುವ ತೊಡೆಯ ಸ್ನಾಯು ನಿಮ್ಮ ಹಳೆಯದೇ. ಬೇರಿಂಗ್ ಹೊಸದು, ಮೋಟರ್ ಹಳೆಯದು. ಸಾಲದ್ದಕ್ಕೆ, ಆಪರೇಷನ್ ಆದ ಮೊದಲ ತಿಂಗಳಲ್ಲಿ ಆ ಮೋಟರಿನ ಬಲ ಅರ್ಧಕ್ಕೂ ಕೆಳಗೆ ಇಳಿಯಬಹುದೆಂದು ಅಳೆದು ನೋಡಿದವರು ಬರೆದಿಟ್ಟಿದ್ದಾರೆ. ಅದನ್ನು ಮೇಲೆತ್ತುವ ಕೆಲಸ ಸರ್ಜನ್‌ದಲ್ಲ, ನಿಮ್ಮದು.

ಬೆಲೆಯ ವಿಷಯ ಬೇಗ ಮುಗಿಸೋಣ. ಒಂದೂವರೆ ಲಕ್ಷ ದಾಟುತ್ತಿದ್ದ ಈ ಲೋಹದ ಮಂಡಿಗೆ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ 2017ರ ಆಗಸ್ಟ್‌ನಲ್ಲಿ ಜಿಎಸ್‌ಟಿ ಬಿಟ್ಟು 54,720 ರೂಪಾಯಿಯ ಮಿತಿ ಹಾಕಿತು. ಆಯುಷ್ಮಾನ್ ಕಾರ್ಡ್ ಇದ್ದರೆ, ಯಾವ ಆಸ್ಪತ್ರೆಯಲ್ಲಿ ಈ ಆಪರೇಷನ್ ಅದರಡಿ ಆಗುತ್ತದೆ, ರೆಫರಲ್ ಚೀಟಿ ಬೇಕೇ ಎಂದು ಮೊದಲೇ ಕೇಳಿಕೊಳ್ಳಿ. ಚಾಮರಾಜನಗರದ ಯಡಪುರದಲ್ಲಿ 450 ಹಾಸಿಗೆಯ ಸಿಮ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯನ್ನು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ 2021ರ ಅಕ್ಟೋಬರ್ 7ರಂದು ಉದ್ಘಾಟಿಸಿದ ಮೇಲೆ ಎಲ್ಲದಕ್ಕೂ ಮೈಸೂರಿನ ಹಾದಿ ಹಿಡಿಯಬೇಕಿಲ್ಲ. ಅಲ್ಲೂ ವಿಚಾರಿಸಿ, ಕೇಳಿದರೆ ಕಾಸು ಖರ್ಚಾಗುವುದಿಲ್ಲ.

ಅಳವಡಿಕೆಗೆ ಮುನ್ನ

ಈ ಭಾಗವನ್ನು ಯಾರೂ ಓದುವುದಿಲ್ಲ. ಆಪರೇಷನ್ ತಾರೀಖು ಗೊತ್ತಾದ ದಿನದಿಂದ ಮಾಡಬೇಕಾದ ವ್ಯಾಯಾಮ ಇವೆ ಎಂದರೆ ಬರುವ ಉತ್ತರ ಒಂದೇ: "ಬೆಳಗಿಂದ ಬೈಗಿನಗಂಟ ಗೇಮೆ ಮಾಡ್ತೀನಿ, ಇನ್ಯಾನ ಎಕ್ಸರ್‌ಸೈಜು?" ಅರಿಶಿನದ ಸಾಲಿನಲ್ಲಿ, ಸಣ್ಣ ಈರುಳ್ಳಿಯ ಮಡಿಯಲ್ಲಿ ಕುಕ್ಕರಗಾಲಲ್ಲಿ ಕೂತು ನಲವತ್ತು ವರ್ಷ ಕಳೆ ಕಿತ್ತವರಿಗೆ ಈ ಪ್ರಶ್ನೆ ಕೇಳುವ ಹಕ್ಕಿದೆ. ಉತ್ತರ ಮಾತ್ರ ಹಿತವಾಗಿಲ್ಲ. ಮಂಡಿ ಸವೆಯಲು ವಯಸ್ಸು, ತೂಕ, ಮನೆತನದ ಜೊತೆಗೆ ಆ ಕುಕ್ಕರಗಾಲೂ ಒಂದು ಕಾರಣ. ನೋವು ಶುರುವಾದ ಮೇಲೆ ನೀವು ಆ ಕಾಲಿಗೆ ಭಾರ ಬಿಡದೆ ನಡೆಯುವುದನ್ನು ಕಲಿತಿರಿ, ತೊಡೆಯ ಸ್ನಾಯು ಸದ್ದಿಲ್ಲದೆ ಸೊರಗಿತು. ಗೇಮೆ ಮೈಯನ್ನು ದಣಿಸಿತೇ ಹೊರತು ಆ ಒಂದು ಸ್ನಾಯುವಿಗೆ ಬಲ ಕೊಡಲಿಲ್ಲ.

ಆದ್ದರಿಂದ: ಕಾಲು ಚಾಚಿ ಕೂತು, ಟವೆಲ್ ಸುರುಳಿ ಸುತ್ತಿ ಮಂಡಿಯ ಕೆಳಗಿಟ್ಟು, ಅದನ್ನು ಹಾಸಿಗೆಗೆ ಅದುಮಿ. ಐದು ಎಣಿಸುವವರೆಗೆ ಹಿಡಿದು ಬಿಡಿ. ಹತ್ತು ಸಲ, ದಿನಕ್ಕೆ ಮೂರು ಬಾರಿ. ಟವೆಲ್ ತೆಗೆದು, ಕಾಲನ್ನು ನೆಟ್ಟಗೆ ಒಂದಡಿ ಎತ್ತಿ ನಿಧಾನ ಇಳಿಸಿ. ಕೈ ಇರುವ ಕುರ್ಚಿಯಲ್ಲಿ ಕೂತು ಎರಡೂ ಕೈ ಊರಿ ಮೈ ಎತ್ತಿ, ಯಾಕೆಂದರೆ ನಾಳೆ ವಾಕರ್ ಮೇಲೆ ಭಾರ ಹೊರುವುದು ತೋಳು. ವಾಕರ್ ಹಿಡಿದು ನಡೆಯುವುದನ್ನೂ ಈಗಲೇ ಕಲಿಯಿರಿ. ನೋವು, ಮಂಪರು, ಭಯ ಮೂರೂ ಒಟ್ಟಿಗಿರುವ ದಿನ ಹೊಸ ಪಾಠ ತಲೆಗೆ ಹತ್ತುವುದಿಲ್ಲ. ಇದೆಲ್ಲ ಪವಾಡವೇನೂ ಅಲ್ಲ. ಆಪರೇಷನ್ ಆದ ಮೊದಲ ವಾರಗಳನ್ನು ಕೊಂಚ ಹಗುರ ಮಾಡುತ್ತದೆ, ಅಷ್ಟೆ.

ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ಎಲೆ ಅಡಿಕೆಯ ಜೊತೆಗಿನ ಹೊಗೆಸೊಪ್ಪು ಬಿಡಿ, ಅದು ಗಾಯ ಮಾಯುವುದನ್ನು ತಡಮಾಡುತ್ತದೆ. (ಯಜಮಾನರ ಬೀಡಿಗೆ ಈ ಕೈಪಿಡಿ ಅನ್ವಯಿಸುವುದಿಲ್ಲ, ಅವರ ಮಂಡಿಯ ಸರದಿ ಬಂದಾಗ ನೋಡೋಣ.) ಕಾಲೊರೆಸುವ ಗೋಣಿಚೀಲ, ಜಾರುವ ಜಮಖಾನ, ನಡುಬಾಗಿಲಿಗೆ ಕಟ್ಟಿದ ಮೇಕೆಯ ಹಗ್ಗ ಎಲ್ಲವನ್ನೂ ದಾರಿಯಿಂದ ತೆಗೆಸಿ. ತಗ್ಗು ಬಿದ್ದ ಹಗ್ಗದ ಮಂಚ ಬೇಡ. ಪ್ಲಾಸ್ಟಿಕ್ ಕುರ್ಚಿ ತಗ್ಗೆನಿಸಿದರೆ ಕಂಬಳಿ ಮಡಿಸಿ ಹಾಕಿ ಎತ್ತರ ಮಾಡಿ. ಕಕ್ಕಸಿಗೆ ಕಮೋಡ್ ಕುರ್ಚಿಯನ್ನು ಮುಂಚೆಯೇ ತನ್ನಿ. ಡಿಸ್ಚಾರ್ಜ್ ಆದ ಸಂಜೆ ಗುಂಡ್ಲುಪೇಟೆಗೆ ಓಡುವ ಕೆಲಸ ಅದಲ್ಲ.

ಆಸ್ಪತ್ರೆಯಲ್ಲಿ

ಸಾಮಾನ್ಯವಾಗಿ ಅದೇ ದಿನ ಇಲ್ಲವೇ ಮರುದಿನ ನಿಮ್ಮನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಇದು ಕ್ರೌರ್ಯವಲ್ಲ. ಮಲಗಿದಲ್ಲೇ ಇದ್ದರೆ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟೀತು. ಪಾದವನ್ನು ಮೇಲೆ ಕೆಳಗೆ ಆಡಿಸುತ್ತಲೇ ಇರಿ ಅನ್ನುವುದೂ ಅದಕ್ಕೇ. ಆಪರೇಷನ್ ಆದವರನ್ನು ವಾರಗಟ್ಟಲೆ ಹಾಸಿಗೆಗೆ ಅಂಟಿಸಿಡುವ ಕಾಲ ಹೋಯಿತು. ಮೈ ಆಡಿಸುವುದನ್ನೇ ಔಷಧ ಮಾಡಬಹುದೆಂದು 1813ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಪೆರ್ ಹೆನ್ರಿಕ್ ಲಿಂಗ್ ಸಂಸ್ಥೆ ಕಟ್ಟಿದ. ನಮ್ಮ ದೇಶದ ಮೊದಲ ಫಿಸಿಯೋಥೆರಪಿ ಶಾಲೆ ಪೋಲಿಯೋ ಹಾವಳಿಯ ಬೆನ್ನಿಗೆ 1953ರಲ್ಲಿ ಬೊಂಬಾಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಶುರುವಾಯಿತು. ಇಷ್ಟೆಲ್ಲ ಆಗಿಯೂ ನಮ್ಮ ಕಡೆ ಫಿಸಿಯೋ ಎಂದರೆ ಕರೆಂಟ್ ಕೊಡುವವರು. ಕರೆಂಟ್ ಕೊಟ್ಟರೆ ಹಿತ, ಕೊಡದಿದ್ದರೆ ಕೊಟ್ಟ ಕಾಸು ದಂಡ. ಬರೀ ಕಾಲು ಎತ್ತಿ ಇಳಿಸು ಅನ್ನುವ ಥೆರಪಿಸ್ಟನ್ನು ಯಾರೂ ನಂಬುವುದಿಲ್ಲ, ಆದರೆ ಮಂಡಿ ಮಡಚುವುದು ಅವರ ಮಾತಿನಿಂದಲೇ.

ಮನೆಯಲ್ಲಿ: ಅತಿ ಮುಖ್ಯ ಎಚ್ಚರಿಕೆ

ಈ ಉಪಕರಣವನ್ನು ಹೆಚ್ಚು ಕೆಡಿಸುವುದು ಪ್ರೀತಿ.

ಮೊದಲನೆಯದು ದಿಂಬು. ಸೊಸೆ ಅಕ್ಕರೆಯಿಂದ ಮಂಡಿಯ ಕೆಳಗೆ ದಿಂಬಿಡುತ್ತಾಳೆ. ಕಾಲು ಕೊಂಚ ಮಡಚಿದಾಗ ನೋವು ಕಮ್ಮಿ, ನಿದ್ದೆ ಸೊಗಸು. ಹಾಗೇ ವಾರಗಳು ಕಳೆದರೆ ಮಂಡಿ ಮಡಚಿದಲ್ಲೇ ನಿಂತು, ಕಾಲು ಪೂರ್ತಿ ನೆಟ್ಟಗಾಗುವುದೇ ಇಲ್ಲ. ಆಮೇಲೆ ಜೀವಮಾನವಿಡೀ ಕುಂಟು. ದಿಂಬು ಹಿಮ್ಮಡಿಯ ಕೆಳಗಿರಲಿ, ಮಂಡಿ ಅಂತರದಲ್ಲಿರಲಿ. ನೋಯುತ್ತದೆ. ಇರಲಿ.

ಎರಡನೆಯದು ನೆಂಟರು. ಇವರು ದ್ರಾಕ್ಷಿ, ಬ್ರೆಡ್ಡು, ಹಾರ್ಲಿಕ್ಸ್ ಹಿಡಿದು ಬರುತ್ತಾರೆ. ನೀವು ಅಡುಗೆಮನೆಯಿಂದ ಜಗಲಿಗೆ ವಾಕರ್ ಹಿಡಿದು ಬರುತ್ತಿರುವಾಗಲೇ ಒಳಗೆ ಕಾಲಿಡುತ್ತಾರೆ. "ಯಾನವ್ವ, ಇಷ್ಟು ಬ್ಯಾಗ ಎದ್ದು ಓಡಾಡ್ತಾ ಇದ್ದೀಯಲ್ಲ, ಹೊಲಿಗೆ ಕಿತ್ತೋಗ್ಬುಟ್ಟದು, ಮನಿಕ್ಕ." ಹೊಲಿಗೆ ಕಿತ್ತುಹೋಗುವುದಿಲ್ಲ. ಆದರೂ ನೀವು ಮಲಗುತ್ತೀರಿ, ಯಾಕೆಂದರೆ ಬಂದವರ ಮುಂದೆ ನೋಯುತ್ತಿರುವಂತೆ ಕಾಣದಿದ್ದರೆ ಅದು ಅವರಿಗೆ ಅವಮಾನ. ಅವರು ಹೋಗುವಷ್ಟರಲ್ಲಿ ಮತ್ತೊಬ್ಬರು. ಹೀಗೆ ದಿನಕ್ಕೆ ಮೂರು ತಂಡ ಬಂದರೆ ಮೂರು ಸುತ್ತಿನ ವ್ಯಾಯಾಮ ಹೋಯಿತು. ಪರಿಹಾರ ಇದು: ನೆಂಟರು ಕುಳಿತ ಕೂಡಲೆ ಅವರ ಎದುರಿಗೇ ಕುರ್ಚಿಯಲ್ಲಿ ಕೂತು ಪಾದವನ್ನು ನೆಲದ ಮೇಲೆ ಹಿಂದಕ್ಕೆ ಜಾರಿಸಿ ಮಂಡಿ ಮಡಚಿ, ಮುಂದಕ್ಕೆ ಚಾಚಿ. ಮುಖ ಕಿವುಚಿಕೊಳ್ಳಲು ಪೂರ್ತಿ ಅವಕಾಶವಿದೆ. ಅವರ ಮರ್ಯಾದೆ ಉಳಿಯಿತು, ನಿಮ್ಮ ವ್ಯಾಯಾಮವೂ ಆಯಿತು.

ಮೂರನೆಯದು ನಂಜು. ಬದನೆಕಾಯಿ ನಂಜು, ಮೊಟ್ಟೆ ನಂಜು, ಆಲೂಗೆಡ್ಡೆ ನಂಜು ಎಂದು ಪಟ್ಟಿ ಬೆಳೆಯುತ್ತಾ ಹೋಗಿ ಕೊನೆಗೆ ಉಳಿಯುವುದು ಗಂಜಿ, ತಿಳಿಸಾರು. ಗಾಯ ಮಾಯಲು, ಸ್ನಾಯು ಕಟ್ಟಲು ಪ್ರೋಟೀನ್ ಬೇಕು. ಮೊಟ್ಟೆ ತಿನ್ನುವವರು ಮೊಟ್ಟೆ ತಿನ್ನಿ. ಉಳಿದವರಿಗೆ ಹುರುಳಿ, ಅವರೆಕಾಳು, ಹಾಲಿವೆ. ಕಾಲು ಸೂಪು ಕುಡಿದರೆ ಕಾಲಿಗೇ ಹೋಗುತ್ತದೆ ಅನ್ನುವುದು ಸುಳ್ಳಾದರೂ, ರುಚಿಯಾಗಿರುವುದಂತೂ ನಿಜ.

ನಾಲ್ಕನೆಯದು ಎಣ್ಣೆ. ಗಡಿಯಾಚೆ ಸುಲ್ತಾನ್ ಬತ್ತೇರಿ ಇರುವುದರಿಂದ ಪ್ರತಿ ಮನೆಯಲ್ಲೂ ಒಂದು ಸೀಸೆ ಕೇರಳದ ಎಣ್ಣೆ ಇದ್ದೇ ಇರುತ್ತದೆ. ಮಾಯದ ಗಾಯದ ಮೇಲೆ ಅದು ಬೇಡ, ಮೀನಖಂಡವನ್ನು ಹಿಸುಕಿ ನೀವುವುದಂತೂ ಬೇಡವೇ ಬೇಡ. ಬಿಸಿ ಶಾಖವೂ ಬೇಡ. ಊತಕ್ಕೆ ತಂಪು ಬೇಕು. ಹಾಲಿನ ಖಾಲಿ ಕವರಿಗೆ ನೀರು ತುಂಬಿ ಫ್ರೀಜರಿನಲ್ಲಿಟ್ಟು, ಬಟ್ಟೆ ಸುತ್ತಿ ಕಾಲು ಗಂಟೆ ಇಡಿ. ನೋವಿನ ಮಾತ್ರೆಯನ್ನು ಡಾಕ್ಟರು ಹೇಳಿದ ಲೆಕ್ಕದಲ್ಲೇ, ಆದರೆ ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ ಬರುವಂತೆ ಹೊಂದಿಸಿಕೊಳ್ಳಿ.

ಎಷ್ಟು ಮಡಚಬೇಕು

ಮಟ್ಟ ನೆಲದಲ್ಲಿ ನಡೆಯಲು ಮಂಡಿ ಸುಮಾರು 65 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲಿಗೆ 85ರ ಹತ್ತಿರ, ತಗ್ಗು ಕುರ್ಚಿಯಿಂದ ಏಳಲು 95 ದಾಟಬೇಕು. ಕುಕ್ಕರಗಾಲಿಗೆ 130 ಸಾಲದು, ಅದನ್ನು ಈ ಮಾಡೆಲ್‌ನಿಂದ ನಿರೀಕ್ಷಿಸಬೇಡಿ. ಸಾಮಾನ್ಯವಾಗಿ ಎರಡು ವಾರಕ್ಕೆ 90, ಆರು ವಾರಕ್ಕೆ 110ರ ಆಸುಪಾಸು ಗುರಿ ಇಟ್ಟುಕೊಳ್ಳುತ್ತಾರೆ. ಡಿಗ್ರಿ ಅಳೆಯುವ ಸಾಧನ ಮನೆಯಲ್ಲಿಲ್ಲದವರಿಗೆ ಕೆ.ಎಸ್.ಆರ್.ಟಿ.ಸಿ. ಬಸ್ಸಿದೆ. 2023ರ ಜೂನ್ 11ರಿಂದ ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಬಿಟ್ಟಿ. ಮೆಟ್ಟಿಲು ಹತ್ತುವ ಶಕ್ತಿ ಮಾತ್ರ ನೀವೇ ತರಬೇಕು. ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು. ಹಿಂದಿನಿಂದ "ಬ್ಯಾಗ ಹತ್ತವ್ವ" ಎಂದು ಕೂಗುವವರಿಗೆ ಕಿವಿ ಕೊಡಬೇಡಿ. ಕೋಲು ಹಿಡಿಯುವ ಹಂತಕ್ಕೆ ಬಂದಾಗ, ಬಲಗಾಲಿನ ಆಪರೇಷನ್‌ಗೆ ಎಡಗೈಯಲ್ಲಿ ಕೋಲು. ಊರಿನಲ್ಲಿ ಹತ್ತಕ್ಕೆ ಎಂಟು ಮಂದಿ ನೋಯುವ ಕಡೆಗೇ ಹಿಡಿಯುತ್ತಾರೆ ಅನ್ನಿಸುತ್ತದೆ, ಅಜ್ಜನ ಕಾಲದಿಂದಲೂ.

ದೋಷ ಮತ್ತು ಪರಿಹಾರ

ನಡೆವಾಗ ಕಟ್ ಕಟ್ ಅನ್ನುತ್ತದೆಯೇ? ಲೋಹಕ್ಕೆ ಪ್ಲಾಸ್ಟಿಕ್ ತಾಗುವ ಸದ್ದು, ನೋವಿಲ್ಲದಿದ್ದರೆ ಬಿಡಿ. ಗಾಯದ ಹೊರಬದಿಯ ಚರ್ಮ ಜೋಮು ಹಿಡಿದಂತಿದೆಯೇ? ಅಲ್ಲಿನ ಸಣ್ಣ ನರ ಕೊಯ್ದುಹೋಗಿರುತ್ತದೆ, ಅದೂ ಸಹಜ. ಮೀನಖಂಡ ಒಂದೇ ಕಡೆ ಊದಿ ನೋಯುತ್ತಿದ್ದರೆ, ಗಾಯದಿಂದ ಕೀವು ಒಸರಿದರೆ, ಜ್ವರ ಬಂದರೆ ಕೈಪಿಡಿ ಮುಚ್ಚಿ ಅವತ್ತೇ ಆಸ್ಪತ್ರೆಗೆ ಹೋಗಿ. ಎದೆನೋವು, ಉಸಿರಾಟದ ತೊಂದರೆ ಕಂಡರೆ 108ಕ್ಕೆ ಫೋನ್ ಮಾಡಿ. ಈ ಸಾಲುಗಳಲ್ಲಿ ತಮಾಷೆ ಇಲ್ಲ.

ನಿಷಿದ್ಧ ಬಳಕೆ

ಕಳೆ ಕೀಳಲು ಕುಕ್ಕರಗಾಲಲ್ಲಿ ಕೂರುವುದು, ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕುವುದು, ಮಾದಪ್ಪನ ಬೆಟ್ಟದಲ್ಲಿ ಉರುಳುಸೇವೆ. ನಿಂತು ಕೈ ಮುಗಿದರೆ ಮಾದಪ್ಪ ಬೇಡ ಅನ್ನುವುದಿಲ್ಲ. ಚೆಂಡು ಹೂ ಬಿಡಿಸುವುದು ನಿಂತು ಮಾಡುವ ಕೆಲಸ, ಕಾಲು ಬಲಿತ ಮೇಲೆ ಡಾಕ್ಟರನ್ನು ಕೇಳಿ ಹೋಗಿ. ಹುಲುಗನಮುರಡಿ ಬೆಟ್ಟದ ಹರಕೆ ಇದ್ದರೆ ಕೆಲವು ತಿಂಗಳು ಮುಂದೂಡಿ, ಹೊಸ ಹರಕೆ ಹೊರುವ ಮೊದಲು ಫಿಸಿಯೋ ಮೇಡಂಗೂ ಒಂದು ಮಾತು ಹೇಳಿ.

ವಾರಂಟಿ

ಕಂಪನಿ ಬರೆದುಕೊಡುವುದಿಲ್ಲ. ಆದರೆ ದೊಡ್ಡ ನೋಂದಣಿ ದಾಖಲೆಗಳನ್ನು ಕೂಡಿಸಿ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಲೆಕ್ಕದಲ್ಲಿ, ಪೂರ್ತಿ ಮಂಡಿ ಬದಲಿಗಳಲ್ಲಿ ಸುಮಾರು ಶೇಕಡ 82ರಷ್ಟು 25 ವರ್ಷ ಬಾಳಿದ್ದವು. ಕುಕ್ಕರಗಾಲಿನ ಊರಿನ ಲೆಕ್ಕ ಅದಲ್ಲ ಅನ್ನುವುದನ್ನು ನೆನಪಿಡಿ.

ಕೊನೆಯದಾಗಿ ವಾಕರ್. ಅದನ್ನು ಅಟ್ಟಕ್ಕೆ ಎಸೆಯಬೇಡಿ. ನೀವು ಕೋಲಿಗೆ ಬಂದ ಸುದ್ದಿ ಹಬ್ಬಿದ ವಾರದೊಳಗೆ ಪಕ್ಕದ ಬೀದಿಯಿಂದ ಯಾರಾದರೂ ಕೇಳಿಕೊಂಡು ಬರುತ್ತಾರೆ. ಕೊಡಿ. ಆದರೆ ನಿಮ್ಮ ಅಳತೆಯಲ್ಲೇ ಕೊಡಬೇಡಿ. ಅವರನ್ನು ನೆಟ್ಟಗೆ ನಿಲ್ಲಿಸಿ, ಕೈ ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿ ಬರುತ್ತದೋ ಅಲ್ಲಿಗೆ ಹಿಡಿಯನ್ನು ಹೊಂದಿಸಿ. ನಾಲ್ಕೂ ಕಾಲಿನ ಗುಂಡಿ ಒಂದೇ ತೂತಿನಲ್ಲಿ ಕೂತಿವೆಯೇ, ತಳದ ರಬ್ಬರ್ ಸವೆದಿಲ್ಲವೇ ನೋಡಿ. ಸವೆದಿದ್ದರೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಹೊಸದು ಹಾಕಿಸಿ.