ಬಲಗೈಯ ಬಣ್ಣ

ಬಳ್ಳಾರಿಯಂಥ ಊರಿನಲ್ಲಿ ವರ್ಷಗಟ್ಟಲೆ ಕಾರು ಓಡಿಸಿದವರ ಎರಡೂ ಕೈಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಕಿಟಕಿ ಕಡೆಯ ಬಲಗೈಗೂ ಗೇರ್ ಹಿಡಿಯುವ ಎಡಗೈಗೂ ರಕ್ತಸಂಬಂಧವೇ ಇಲ್ಲವೇನೋ ಅನ್ನಿಸುತ್ತದೆ. ಗಾಜು ಏರಿಸಿ ಏಸಿ ಹಾಕಿಕೊಂಡರೂ ಪೂರ್ತಿ ಬಚಾವಿಲ್ಲ. ಚರ್ಮ ಸುಡುವ ಯುವಿಬಿ ಕಿರಣಗಳನ್ನು ಗಾಜು ತಡೆಯುತ್ತದೆ. ಒಳಪದರಕ್ಕಿಳಿದು ಕೊಲಾಜೆನ್ ಕೆಡಿಸುವ ಯುವಿಎ ಮಾತ್ರ ಪಕ್ಕದ ಗಾಜಿನಿಂದ ಸಾಕಷ್ಟು ನುಸುಳುತ್ತದೆ. ಅಮೆರಿಕದಲ್ಲಿ 28 ವರ್ಷ ಟ್ರಕ್ ಓಡಿಸಿದವರೊಬ್ಬರ ಫೋಟೊ 2012ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. ಅಲ್ಲಿ ಕಿಟಕಿ ಎಡಕ್ಕೆ. ಎಡಗೆನ್ನೆ ಅಪ್ಪನದು, ಬಲಗೆನ್ನೆ ಮಗನದು!

ನಮ್ಮ ಮನೆಯಲ್ಲಿ ಈ ವಿಷಯ ಎದ್ದದ್ದು ಮಗಳ ಮದುವೆ ಆಲ್ಬಂ ಬಂದ ದಿನ. ಧಾರೆ ಎರೆಯುವ ಫೋಟೊದಲ್ಲಿ ಮುಖಗಳಿಗೆ ಜಾಗವಿಲ್ಲ, ಇರುವುದೆಲ್ಲ ಕೈಗಳೇ. ಮಗಳ ಮೆಹಂದಿ ಕೈ, ಹೆಂಡತಿಯ ಹಸಿರು ಬಳೆಯ ಕೈ, ನಡುವೆ ತೆಂಗಿನಕಾಯಿ, ಅದರ ಮೇಲೆ ಸುಕ್ಕುಗಟ್ಟಿ, ಮಚ್ಚೆ ಮಚ್ಚೆಯಾದ ಇನ್ನೊಂದು ಕೈ.

"ಇದು ಯಾರ ಕೈರೀ, ಅಡುಗೆ ಭಟ್ಟರದಾ?"

"ಉಂಗುರ ನೋಡು."

ಉಂಗುರ ನೋಡಿ ಸುಮ್ಮನಾದಳು, ಸಂಜೆಯವರೆಗೆ. ಸಂಜೆ ಅಳಿಯನಿಗೆ ಫೋನು ಹೋಯಿತು. ಬೆಂಗಳೂರಿನ ಹುಡುಗ, ಇಂಥದ್ದರಲ್ಲಿ ಪಂಡಿತ. ವಾರದೊಳಗೆ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿಯನ್ನು ಮೂಲೆಗೆ ತಳ್ಳಿ ಬಾಟಲಿಗಳು ಸಾಲಾಗಿ ನಿಂತವು: ನೀರಿಗೆ ಹಾಕಿದರೆ ಭುಸ್ಸೆನ್ನುವ ಒಂದು ಗ್ರಾಂ ವಿಟಮಿನ್ ಸಿ, ಬೀಟಾ ಕ್ಯಾರೊಟಿನ್, ದ್ರಾಕ್ಷಿ ಬೀಜದ ಸಾರ, ಗ್ಲುಟಾಥಯೋನ್. "ಆಂಟಿಆಕ್ಸಿಡೆಂಟ್ ಮಾವ, ಒಳಗಿಂದಲೇ ರಿಪೇರಿ" ಎಂದ.

ತತ್ವವೇನೋ ಸರಿಯಾಗಿಯೇ ಇದೆ. ಬಿಸಿಲು ಬಿದ್ದ ಚರ್ಮದಲ್ಲಿ ಫ್ರೀ ರ‍್ಯಾಡಿಕಲ್‌ಗಳು ಏಳುತ್ತವೆ. ಒಂದು ಎಲೆಕ್ಟ್ರಾನ್ ಕೊರತೆಯಾಗಿ, ಸಿಕ್ಕವರಿಂದ ಕಿತ್ತುಕೊಳ್ಳುವ ಪುಂಡ ಅಣುಗಳಿವು. ಬೀಗರು ವಾಲಗದವರ ಲೆಕ್ಕಕ್ಕೆ ಜಗಳ ತೆಗೆದಾಗ ಸೋದರಮಾವ ತನ್ನ ಜೇಬಿನಿಂದ ಕೊಟ್ಟು ಗಲಾಟೆ ನಿಲ್ಲಿಸುವ ಹಾಗೆ, ಆಂಟಿಆಕ್ಸಿಡೆಂಟ್ ತನ್ನದೊಂದು ಎಲೆಕ್ಟ್ರಾನ್ ಕೊಟ್ಟು ಸಮಾಧಾನ ಮಾಡುತ್ತದೆ. ಆದರೆ ಆಗಲೇ ಮುರಿದುಬಿದ್ದ ಕುರ್ಚಿಗಳನ್ನು ಅವನು ಜೋಡಿಸಿಕೊಡುವುದಿಲ್ಲ. ಹಳೆಯ ಸುಕ್ಕಿನ ಪಾಡೂ ಅಷ್ಟೇ.

ಚರ್ಮದ ಡಾಕ್ಟರಿಗೆ ಬಾಟಲಿಗಳನ್ನೆಲ್ಲ ಚೀಲದಲ್ಲಿ ಹೊತ್ತು ತೋರಿಸಿದೆ. ಅವರು ಒಂದೊಂದನ್ನೇ ತಿರುಗಿಸಿ ನೋಡಿ ನಕ್ಕರು. ಗಂಡಸಿಗೆ ದಿನಕ್ಕೆ ಬೇಕಾದ ವಿಟಮಿನ್ ಸಿ 80 ಮಿಲಿಗ್ರಾಂ ಎಂದು ಐಸಿಎಂಆರ್ 2020ರಲ್ಲೇ ಹೇಳಿದೆಯಂತೆ. ಅಷ್ಟನ್ನು ಬೆಟ್ಟದ ನೆಲ್ಲಿಕಾಯಿಯೇ ಕೊಡುತ್ತದೆ. ಗ್ರಾಂಗಟ್ಟಲೆ ನುಂಗಿದರೆ ದೇಹ ಹೀರುವುದೇ ಕಮ್ಮಿ, ಹೀರಿದ್ದರಲ್ಲೂ ಹೆಚ್ಚಾದದ್ದನ್ನು ಮೂತ್ರಪಿಂಡ ಹೊರಗೆ ದೂಡುತ್ತದೆ. "ನಿಮ್ಮ ದುಡ್ಡಿಗೆ ಫಲ ಉಂಡದ್ದು ಒಳಚರಂಡಿ ಸಾರ್" ಎಂದರು. ಗ್ಲುಟಾಥಯೋನ್ ಬಾಟಲಿ ಬಂದದ್ದು ರಿಪೇರಿಗಲ್ಲ, ಬೆಳ್ಳಗಾಗಲಿ ಎಂಬ ಹೆಂಡತಿಯ ಒಳಆಸೆಗೆ ಎಂಬುದೂ ಅಲ್ಲೇ ಹೊರಬಿತ್ತು. ನಮ್ಮ ಚರ್ಮವನ್ನು ಇಷ್ಟಾದರೂ ಕಾಯುತ್ತಿರುವುದು ಅದರ ಕಪ್ಪೇ, ಮೆಲನಿನ್. ಕಾವಲುಗಾರನನ್ನೇ ಕೆಲಸದಿಂದ ತೆಗೆಯಲು ನಾವು ಸಂಬಳ ಕೊಡುತ್ತಿದ್ದೆವು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ನ್ಯಾಂಬೋರ್ ಅಂತ ಒಂದು ಊರು, ಅದೂ ಬಿಸಿಲಿನದೇ. 1992ರಿಂದ 1996ರವರೆಗೆ ಅಲ್ಲಿ 1,621 ಮಂದಿಯ ಮೇಲೆ ಪ್ರಯೋಗ ನಡೆಯಿತು. ಕೆಲವರಿಗೆ ದಿನಾ 30 ಮಿಲಿಗ್ರಾಂ ಬೀಟಾ ಕ್ಯಾರೊಟಿನ್, ಕೆಲವರಿಗೆ ಹುಸಿಮಾತ್ರೆ. ಜೊತೆಗೆ ಕೆಲವರು ದಿನಾ ತಪ್ಪದೆ ಸನ್‌ಸ್ಕ್ರೀನ್ ಹಚ್ಚಬೇಕು, ಉಳಿದವರು ಮನಸ್ಸು ಬಂದಾಗ. ಚರ್ಮಕ್ಕೆ ವಯಸ್ಸಾದದ್ದನ್ನು ಅಳೆಯಲು ಅವರು ನೋಡಿದ್ದು ಮುಖವನ್ನಲ್ಲ, ಕೈಯನ್ನು! ಹಸ್ತದ ಹಿಂಬದಿಗೆ ಸಿಲಿಕೋನ್ ಒತ್ತಿ ಗೆರೆಗಳ ಅಚ್ಚು ತೆಗೆದರು. 2013ರಲ್ಲಿ ಪ್ರಕಟವಾದ ಲೆಕ್ಕದಂತೆ, ದಿನಾ ಹಚ್ಚಿದವರಲ್ಲಿ ನಾಲ್ಕೂವರೆ ವರ್ಷ ಕಳೆದರೂ ಗೆರೆ ಹೆಚ್ಚಿದ್ದು ಕಾಣಲಿಲ್ಲ. ಮಾತ್ರೆಯಿಂದ ಒಟ್ಟಾರೆ ಏನೂ ಆಗಲಿಲ್ಲ.

ಇದನ್ನೆಲ್ಲ ಕೇಳಿಯೂ ನನ್ನ ನಾದಿನಿ ರಾತ್ರಿ ಹಸಿರು ವಿಟಮಿನ್ ಇ ಗುಳಿಗೆಗೆ ಪಿನ್ನು ಚುಚ್ಚಿ, ಎಣ್ಣೆ ಹಿಂಡಿ ಮುಖಕ್ಕೆ ಹಚ್ಚುವುದನ್ನು ಬಿಟ್ಟಿಲ್ಲ. ದಿಂಬಿನ ಚೀಲಕ್ಕೆ ಮಾತ್ರ ಒಳ್ಳೆಯ ಹೊಳಪು ಬಂದಿದೆ.

ಉಳಿದ ಬೀಟಾ ಕ್ಯಾರೊಟಿನ್ ಬಾಟಲಿಯನ್ನು ನನ್ನ ಭಾಮೈದ ಕೇಳಿದ. ದಿನಕ್ಕೆ ಒಂದು ಪ್ಯಾಕು ಸಿಗರೇಟು ಸೇದುವವನು. "ಪುಕ್ಕಟೆ ಸಿಗ್ತದಲ್ರೀ ಭಾವ" ಎಂದ. ಕೊಡಲಿಲ್ಲ. ಫಿನ್ಲೆಂಡಿನಲ್ಲಿ ಧೂಮಪಾನಿ ಗಂಡಸರಿಗೆ ಇದೇ ಮಾತ್ರೆ ವರ್ಷಗಟ್ಟಲೆ ಕೊಟ್ಟು ನೋಡಿದಾಗ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿಯಾಗುವ ಬದಲು ಶೇಕಡಾ 18ರಷ್ಟು ಹೆಚ್ಚಿತ್ತು. ಅದು 1994ರಲ್ಲೇ ಪ್ರಕಟವಾದ ಸಂಗತಿ. ನಿಮ್ಮ ಮನೆಯಲ್ಲೂ ಸೇದುವವರಿದ್ದರೆ ದಯವಿಟ್ಟು ಆ ಬಾಟಲಿಯನ್ನು ಅವರ ಕೈಗೆ ಕೊಡಬೇಡಿ. ಗಜ್ಜರಿ ಪಲ್ಯ ಎಷ್ಟು ಬೇಕಾದರೂ ಬಡಿಸಿ.