ಕೊಬ್ಬರಿ ಚೀಲ ನೆನೆದ ಮೇಲೆ

ಅರಸೀಕೆರೆ ಹತ್ತಿರದ ಹಾರನಹಳ್ಳಿಗೆ ಹೊರಗಿನವರು ಬರುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಹೊಯ್ಸಳರ ಗುಡಿ ನೋಡುವುದಕ್ಕೆ, ಇಲ್ಲವೇ ಕೋಡಿಮಠಕ್ಕೆ. ನಾನು ಹೋದದ್ದು ಕರಿಯನನ್ನು ಕಾಣಲು. ಊರಾಚೆಯ ತೆಂಗಿನ ತೋಟದ ಮನೆಯ ನಾಯಿ ಅವನು. ವಯಸ್ಸು 12 ವರ್ಷ, ತೂಕ 18 ಕಿಲೋ, ಮೂತಿ ಪೂರ್ತಿ ನರೆತಿದೆ. ಒಂದೂವರೆ ತಿಂಗಳಿಂದ ಆ ಮನೆಯಲ್ಲಿ ಅವನ ಮೂತ್ರದ್ದೇ ಮಾತು. ಬೆಳಗಿನ ಐದು ಗಂಟೆಗೆ, ಮನೆಯವರು ಏಳುವ ಮುಂಚೆ, ಜಗಲಿಯಲ್ಲಿ ಸಿಕ್ಕ.

ಪ್ರಶ್ನೆ: ನಮಸ್ಕಾರ ಕರಿಯಣ್ಣನವರೇ.

ಕರಿಯ: ಬನ್ನಿ ಸ್ವಾಮಿ, ಕೂತ್ಕೊಳ್ಳಿ. ಆ ಕಂಬದ ಬುಡ ಬೇಡ, ಈ ಕಡೆ ಬನ್ನಿ. ಅಯ್ಯೋ, ಅಲ್ಲೂ ಬೇಡ. ನಿಂತೇ ಮಾತಾಡೋಣ ಬಿಡಿ.

ಪ್ರಶ್ನೆ: ತಮ್ಮ ಮೇಲೆ ಬಹುಮೂತ್ರದ ಆರೋಪ ಇದೆ.

ಕರಿಯ: ಉಚ್ಚೆ ಅನ್ನಿ, ನಾಚಿಕೆ ಯಾಕೆ? ಹೌದು, ಜಾಸ್ತಿ ಆಗಿದೆ. ಮೊದಲ ವಾರ ಅಂಗಳದಲ್ಲಿ ಹೊಯ್ದೆ, ಯಾರೂ ನೋಡಲಿಲ್ಲ. ಆಮೇಲೆ ಜಗಲಿ ಮೇಲಾಯ್ತು, 'ವಯಸ್ಸಾಯ್ತು ಬಿಡು' ಅಂದ್ರು. ನಡುಮನೇಲಾದಾಗ ಪೊರಕೆ ಬಂತು. ಹೋದ ವಾರ ರಾತ್ರಿ ಬಾಗಿಲು ಕೆರೆದೆ, ಕುಂಯ್ ಅಂದೆ, ಒಬ್ಬರೂ ಏಳಲಿಲ್ಲ. ಅಟ್ಟದ ಕೆಳಗಿದ್ದ ಕೊಬ್ಬರಿ ಚೀಲ ನೆನೆದುಹೋಯ್ತು. ಅವತ್ತಿನಿಂದ ನಾನು ರೋಗಿ.

ಪ್ರಶ್ನೆ: ಒಂದು ಚೀಲ ಕೊಬ್ಬರಿಗೆ ಅಷ್ಟು ಬೆಲೆಯೇ?

ಕರಿಯ: ಇದು ಅರಸೀಕೆರೆ ತಾಲ್ಲೂಕು ಕಣ್ರೀ! ಕಾಯಿ ಉಂಡೆ ಕೊಬ್ಬರಿ ಆಗಬೇಕಾದ್ರೆ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿರಬೇಕು, ಒಳಗಿನ ನೀರು ತಾನಾಗೇ ಇಂಗಬೇಕು. ದೊಡ್ಡಗೌಡ್ರು ಒಂದೊಂದು ಕಾಯೀನೂ ಎತ್ತಿ ಕಿವಿ ಹತ್ರ ಅಲ್ಲಾಡಿಸ್ತಾರೆ. ನೀರಿದ್ರೆ ಒಂದು ಸದ್ದು, ಇಂಗಿದ್ರೆ ಇನ್ನೊಂದು. ಹನ್ನೆರಡು ವರ್ಷ ಅವರ ಕಾಲ ಬುಡದಲ್ಲೇ ಇದ್ದೀನಿ. ನನ್ನ ಹೊಟ್ಟೆಯೊಳಗಿನ ನೀರು ಏನಾಗ್ತಿದೆ ಅಂತ ಒಂದು ದಿನ ಕಿವಿ ಕೊಡಲಿಲ್ಲ.

ಪ್ರಶ್ನೆ: ಹಾಗನ್ನಬೇಡಿ. ನೀರಿನ ಬಟ್ಟಲನ್ನೇ ಎತ್ತಿಟ್ಟು ನೋಡಿದರಂತಲ್ಲ?

ಕರಿಯ: ಅದೇ ಅವರ ಸಿದ್ಧಾಂತ. ಕುಡಿಯೋದ್ರಿಂದ ಉಚ್ಚೆ, ಬಟ್ಟಲಿಲ್ಲದಿದ್ರೆ ಉಚ್ಚೆ ಇಲ್ಲ. ತೂಬು ಸೋರುತ್ತೆ ಅಂತ ಕೆರೆಗೆ ಬರೋ ಹಳ್ಳಕ್ಕೆ ಯಾರಾದ್ರೂ ಅಡ್ಡ ಕಟ್ತಾರಾ? ನನ್ನಂಥವನಿಗೆ ಸಾಮಾನ್ಯವಾಗಿ ಮೊದಲು ನೀರು ಹೊರಗೆ ಹೋಗುತ್ತೆ, ಆಮೇಲೆ ಬಾಯಾರುತ್ತೆ. ಹೋಗೋದನ್ನ ಬಿಟ್ಟು ಬರೋದನ್ನ ನಿಲ್ಲಿಸಿದ್ರೆ ನಾನೇ ಉಂಡೆ ಕೊಬ್ಬರಿ. ಅಟ್ಟಕ್ಕೆ ಹಾಕಬಹುದು. ಏನೋ ಕಲಗಚ್ಚಿನ ಬಾನಿ ಇತ್ತು, ತೆಂಗಿನ ಪಾತಿಯಲ್ಲಿ ಡ್ರಿಪ್ ಪೈಪ್ ತೊಟ್ಟಿಕ್ತಿತ್ತು, ಜೀವ ಉಳೀತು.

ಪ್ರಶ್ನೆ: ಬೇರೆಯವರೇನಂದರು?

ಕರಿಯ: ಬೆಂಗಳೂರಲ್ಲಿರೋ ಮೊಮ್ಮಗ ವಿಡಿಯೋ ಕಾಲ್‌ನಲ್ಲಿ ನನ್ನ ಮುಖ ನೋಡಿ 'ಡಯಾಪರ್ ಹಾಕಿ' ಅಂದ. ತೊಂದರೆ ಮುಖದ್ದಲ್ಲ ಅನ್ನೋದಾದ್ರೂ ಗೊತ್ತಾಯ್ತಲ್ಲ. ಅಜ್ಜಿ ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದ್ರು. ಘಾಟು ಬರದಿದ್ರೆ ದೃಷ್ಟಿಯಾಗಿದೆ ಅಂತ ಲೆಕ್ಕ. ಮನೆಮಂದಿಯೆಲ್ಲ ಕೆಮ್ಮಿದ್ರು. ಅಲ್ಲಿಗೆ ದೃಷ್ಟಿಯಲ್ಲ ಅನ್ನೋದು ಖಾತ್ರಿ ಆಯ್ತು. ಒಂದೂವರೆ ತಿಂಗಳಲ್ಲಿ ನನಗೆ ನಡೆದ ಒಂದೇ ಒಂದು ಪರೀಕ್ಷೆ ಅದು.

ಪ್ರಶ್ನೆ: ನಿನ್ನೆ ದನದ ಆಸ್ಪತ್ರೆಗೆ ಹೋಗಿದ್ದಿರಂತೆ.

ಕರಿಯ: ಸೊಸೆ ಕರ್ಕೊಂಡು ಹೋದ್ರು, ಲಗೇಜ್ ಆಟೋದಲ್ಲಿ. ಗೌಡ್ರ ಗಂಡುಮಕ್ಕಳಿಬ್ಬರಿಗೂ ಬಿಡುವಿರಲಿಲ್ಲ. ನಮ್ಮೂರ ಚೆನ್ನಕೇಶವನ ಗುಡಿಯನ್ನ 1230ರ ದಶಕದಲ್ಲಿ ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಶಣ್ಣ ಅನ್ನೋ ಅಣ್ಣತಮ್ಮಂದಿರು ಸೇರಿ ಕಟ್ಟಿಸಿದ್ರಂತೆ. ಈಗಿನ ಅಣ್ಣತಮ್ಮಂದಿರು ಸೇರಿ ಒಂದು ನಾಯೀನ ಆಟೋ ಹತ್ತಿಸಲಾರರು.

ಪ್ರಶ್ನೆ: ಆ ಗುಡಿಯ ಹತ್ತಿರ ತಾವು...?

ಕರಿಯ: ಛೆ! ಕಾಂಪೌಂಡಿನ ಒಳಗೆ ಕಾಲೆತ್ತಿದವನಲ್ಲ. ಮೊದಲೇ 2023ರಲ್ಲಿ ಯುನೆಸ್ಕೋದವರು ಬೇಲೂರು, ಹಳೇಬೀಡು, ಸೋಮನಾಥಪುರ ಅಂತ ಮೂರು ಹೆಸರು ಬರ್ಕೊಂಡು ನಮ್ಮನ್ನ ಬಿಟ್ಟುಹೋದ್ರು. ಇನ್ನು ನನ್ನಿಂದಲೂ ಅವಮಾನ ಬೇಡ. 'ಇಲ್ಲಿ ಮೂತ್ರ ಮಾಡಬಾರದು' ಅಂತ ಬರೆದಿರೋ ಗೋಡೆಗಳ ಕೆಳಗೆ ನಿಲ್ಲೋರು ಓದು ಬಂದೋರೇ ಸ್ವಾಮಿ, ನಾವಲ್ಲ.

ಪ್ರಶ್ನೆ: ಡಾಕ್ಟರ ವಿಷಯಕ್ಕೆ ಬನ್ನಿ.

ಕರಿಯ: ಒಳ್ಳೆಯವರು. 'ಜಾಸ್ತಿ ಹೊಯ್ಯುತ್ತಾ, ಪದೇ ಪದೇ ಹೊಯ್ಯುತ್ತಾ, ಗೊತ್ತಿಲ್ಲದೇ ಸೋರುತ್ತಾ?' ಅಂತ ಕೇಳಿದ್ರು. ನಮ್ಮ ಮನೆಯವರಿಗೆ ಮೂರೂ ಒಂದೇ, ನೆಲ ಒರೆಸೋ ಕೆಲಸ. ಆದ್ರೆ ಮೂರೂ ಬೇರೆ. ಪದೇ ಪದೇ ಹೋಗಿ ನಾಲ್ಕೇ ಹನಿ ಬಿದ್ರೆ ಮೂತ್ರಕೋಶದ ಸೋಂಕೋ, ಕಲ್ಲೋ ಇರಬಹುದು. ಪಕ್ಕದ ಮನೆ ಜೂಲಿಗೆ ಮಕ್ಕಳಾಗದ ಆಪರೇಷನ್ ಆಗಿದೆ, ಅವಳು ಮಲಗಿದ ಜಾಗ ಒದ್ದೆ, ಅವಳಿಗೇ ಗೊತ್ತಿರಲ್ಲ. ಬಿಗಿ ಹಿಡಿಯೋ ಸ್ನಾಯು ಸಡಿಲ ಆಗಿರುತ್ತೆ, ಅದಕ್ಕೆ ಔಷಧಿ ಇದೆ. ನನ್ನದು ಬಿಂದಿಗೆಗಟ್ಟಲೆ.

ಪ್ರಶ್ನೆ: ಜಾಸ್ತಿ ಅಂದರೆ ಎಷ್ಟು?

ಕರಿಯ: ಕಿಲೋ ತೂಕಕ್ಕೆ ದಿನಕ್ಕೆ 100 ಮಿಲಿಲೀಟರ್‌ಗಿಂತ ಹೆಚ್ಚು ಕುಡಿದ್ರೆ ಏನೋ ಎಡವಟ್ಟಿದೆ ಅಂತ ಲೆಕ್ಕ. ನನ್ನ ತೂಕಕ್ಕೆ 1.8 ಲೀಟರ್. ಸೊಸೆ ಚೊಂಬಿನಲ್ಲಿ ಅಳೆದು ಬಟ್ಟಲಿಗೆ ಹಾಕಿ, ಸಂಜೆ ಉಳಿದದ್ದನ್ನೂ ಅಳೆದು, ಎರಡೂವರೆ ಲೀಟರ್ ಅಂತ ಕ್ಯಾಲೆಂಡರಿನಲ್ಲಿ ಬರೆದಿದ್ದಾರೆ, ಹಾಲಿನ ಲೆಕ್ಕದ ಪಕ್ಕದಲ್ಲಿ. ಬಾನಿಯ ಲೆಕ್ಕ ಅದರಲ್ಲಿಲ್ಲ.

ಪ್ರಶ್ನೆ: ಹಾಗಾದರೆ ತಮಗೆ ಏನಾಗಿರಬಹುದು?

ಕರಿಯ: ಭವಿಷ್ಯ ಕೇಳೋದಾದ್ರೆ ನಮ್ಮೂರಲ್ಲಿ ಮಠ ಇದೆ, ಆ ಕಡೆ ಹೋಗಿ. ನಾನು ನೋಡಿದ್ದಷ್ಟೇ ಹೇಳ್ತೀನಿ. ಮುದಿ ನಾಯಿ ಅಂದ ಮೇಲೆ ಮೊದಲ ಅನುಮಾನ ಕಿಡ್ನಿ ಮೇಲೆ. ಅದೊಂದು ವಿಚಿತ್ರ ತೋಟ. ಮೂರರಲ್ಲಿ ಎರಡು ಪಾಲು ಆಳು ಬಿಟ್ಟುಹೋಗೋವರೆಗೂ ಉಳಿದವರೇ ತೂಗಿಸ್ತಾರೆ, ಯಜಮಾನನಿಗೆ ಸುಳಿವೇ ಸಿಗಲ್ಲ. ಆಮೇಲೆ ಒಂದಿನ ಉಚ್ಚೆ ಗಟ್ಟಿಯಾಗೋದು ನಿಲ್ಲುತ್ತೆ, ಬಣ್ಣವಿಲ್ಲ, ವಾಸನೆಯಿಲ್ಲ, ನೀರಿನ ಥರ ಹೋಗುತ್ತೆ. ಹಿಂದಿನ ಬೀದಿ ರಾಣಿಗೆ ಅದಲ್ಲ, ಗರ್ಭಕೋಶ. ಬೆದೆಗೆ ಬಂದು ಹೋಗಿ ತಿಂಗಳೊಪ್ಪತ್ತಾಗಿತ್ತು, ಒಂದೇ ಸಮ ನೀರು ಕುಡಿದಳು, ಅನ್ನ ಬಿಟ್ಟಳು. ಒಳಗೆ ಕೀವು ತುಂಬಿತ್ತು. ಅದು ನಾಳೆ ನೋಡೋಣ ಅನ್ನೋ ಕಾಯಿಲೆ ಅಲ್ಲ. ರಾಣಿ ಮನೆಯವರು ನಾಳೆ ನೋಡಿದ್ರು.

(ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಕರಿಯ ಎದ್ದು ಹೋಗಿ ಬಾನಿಗೆ ಬಾಯಿ ಹಾಕಿ ಬಂದ.)

ಪ್ರಶ್ನೆ: ನೀವು ಹೊಯ್ದಲ್ಲಿ ಇರುವೆ ಮುತ್ತಿದೆ, ಸಕ್ಕರೆ ಕಾಯಿಲೆಯೇ ಸರಿ ಅಂತ ಚಿಕ್ಕಗೌಡರು ಹೇಳುತ್ತಿದ್ದರು.

ಕರಿಯ: ಅಲ್ಲಿ ಅಜ್ಜಿ ಬೆಲ್ಲದ ನೀರು ಚೆಲ್ಲಿದ್ರು. ಇರುವೆ ಲ್ಯಾಬ್ ಟೆಕ್ನಿಷಿಯನ್ ಅಲ್ಲ. ಸಕ್ಕರೆ ಕಾಯಿಲೇನೂ ಇರಬಹುದು, ರಕ್ತ ನೋಡಿದ್ರೆ ಗೊತ್ತಾಗುತ್ತೆ. ಆದ್ರೆ ಆ ಕಾಯಿಲೆ ವಿಷಯದಲ್ಲಿ ನಾಯಿ ಮುಂದೆ ಮನುಷ್ಯ ಜಂಬ ಪಡಬಾರದು. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್ಸ್ಕಿ, ಫಾನ್ ಮೆರಿಂಗ್ ಅನ್ನೋ ಇಬ್ಬರು ನಮ್ಮವನೊಬ್ಬನ ಮೇದೋಜೀರಕ ಗ್ರಂಥಿ ತೆಗೆದ್ರು. ಅವನು ಲ್ಯಾಬಿನ ನೆಲದ ತುಂಬ ಹೊಯ್ಯೋಕೆ ಶುರು ಮಾಡಿದ. 'ವಯಸ್ಸಾಯ್ತು' ಅಂದು ಒರೆಸಿದ್ರಾ? ಇಲ್ಲ, ಪರೀಕ್ಷೆ ಮಾಡಿದ್ರು, ಸಕ್ಕರೆ ಸಿಕ್ತು. 1921ರಲ್ಲಿ ಟೊರಾಂಟೋದಲ್ಲಿ ಇನ್ಸುಲಿನ್ ಹುಡುಕಿದಾಗಲೂ ಪ್ರಯೋಗಕ್ಕೆ ನಾಯಿಗಳೇ. 1923ರ ನೊಬೆಲ್ ಮಾತ್ರ ಬ್ಯಾಂಟಿಂಗ್‌ಗೆ, ಮೆಕ್ಲೌಡ್‌ಗೆ. ನಮ್ಮ ನಾಡೇ ವಾಸಿ. ಮಂಡ್ಯ ಕಡೆ ಆತಕೂರಲ್ಲಿ ಕಾಳಿ ಅನ್ನೋ ನಾಯಿ ಕಾಡುಹಂದಿ ಜೊತೆ ಹೋರಾಡಿ ಸತ್ತಾಗ, ಹತ್ತನೇ ಶತಮಾನದಲ್ಲೇ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ನನಗೆ ಭೂಮಿ ಬೇಡ, ಒಂದು ರಕ್ತಪರೀಕ್ಷೆ ಸಾಕು.

ಪ್ರಶ್ನೆ: ಡಾಕ್ಟರಿಗೆ ಹೇಳದೆ ಉಳಿದದ್ದೇನಾದರೂ ಇದೆಯೇ?

ಕರಿಯ: (ದನಿ ತಗ್ಗಿಸಿ) ಇದೆ. ಎರಡು ತಿಂಗಳಿಂದ ನನಗೆ ದಿನಾ ಸಂಜೆ ರಾಗಿ ಮುದ್ದೆಯ ತುತ್ತಿನೊಳಗೆ ಒಂದು ಬಿಳಿ ಮಾತ್ರೆ. ತುರಿಕೆಗೆ ಅಂತ ಚಿಕ್ಕಗೌಡ್ರು ಮೆಡಿಕಲ್ ಶಾಪಲ್ಲಿ ಚೀಟಿಯಿಲ್ಲದೇ ತಂದದ್ದು. ತುರಿಕೆ ಮೂರು ದಿನಕ್ಕೇ ನಿಲ್ತು, ಮಾತ್ರೆ ನಿಲ್ಲಲಿಲ್ಲ. ಅದು ಸ್ಟೀರಾಯ್ಡ್ ಆಗಿದ್ರೆ ಬಾಯಾರಿಕೆ, ಉಚ್ಚೆ, ಹಸಿವು ಮೂರೂ ಹೆಚ್ಚುತ್ತೆ. ನೋಡಿ, ಹೊಟ್ಟೆ ಜೋತುಬಿದ್ದಿದೆ, ಬೆನ್ನ ಮೇಲೆ ಕೂದಲು ತೆಳ್ಳಗಾಗಿದೆ. ಮಾತ್ರೆಯಿಲ್ಲದೇನೂ ಹೀಗಾಗೋದುಂಟು. ಕಿಡ್ನಿ ತಲೆ ಮೇಲಿರೋ ಪುಟ್ಟ ಗ್ರಂಥಿ ಮಿತಿಮೀರಿ ಅದೇ ರಸ ಸುರಿಸುತ್ತೆ, ಕುಶಿಂಗ್ ಕಾಯಿಲೆ ಅಂತಾರೆ. ನಿನ್ನೆ ಡಾಕ್ಟ್ರು 'ಔಷಧಿ ಏನಾದ್ರೂ ಕೊಡ್ತಿದ್ದೀರಾ?' ಅಂತ ಕೇಳಿದ್ರು. ಪಾಪ, ಸೊಸೆಗೆ ಗೊತ್ತಿಲ್ಲ, ಇಲ್ಲ ಅಂದ್ರು. ಗೊತ್ತಿದ್ದೋರು ಅರಸೀಕೆರೆ ಮಂಡಿಯಲ್ಲಿದ್ರು. ನಾನು ಬೊಗಳಿದೆ. ಬಾಯಿಗೆ ಹಗ್ಗ ಕಟ್ಟಿದ್ರು.

ಪ್ರಶ್ನೆ: ಅಂದರೆ ಇವತ್ತಿನಿಂದಲೇ ಮಾತ್ರೆ ನಿಲ್ಲಿಸಬೇಕು?

ಕರಿಯ: ಅದೂ ಅಪಾಯ. ಬಹಳ ದಿನ ತಗೊಂಡಿದ್ದನ್ನ ಥಟ್ಟನೆ ಬಿಡಬಾರದು, ಹಂತ ಹಂತವಾಗಿ ಇಳಿಸಬೇಕು, ಅದನ್ನ ಡಾಕ್ಟ್ರೇ ಹೇಳಬೇಕು. ನೀವು ಪತ್ರಿಕೆಯವರು, ಒಂದು ಉಪಕಾರ ಮಾಡೋದಾದ್ರೆ ಸೊಸೆ ಕಿವಿಗೆ ಒಂದು ಮಾತು ಹಾಕಿ.

ಪ್ರಶ್ನೆ: ರಾತ್ರಿ ಹೊತ್ತು ಒಬ್ಬರೇ ಕಷ್ಟವಲ್ಲವೇ?

ಕರಿಯ: ಒಬ್ಬನೇ ಎಲ್ಲಿ? ದೊಡ್ಡಗೌಡ್ರೂ ಒಂದೂವರೆಗೆ ಒಮ್ಮೆ, ಮೂರಕ್ಕೆ ಒಮ್ಮೆ ಏಳ್ತಾರೆ. ಟಾರ್ಚ್ ಹಿಡ್ಕೊಂಡು ತಿಪ್ಪೆ ಪಕ್ಕ ಅವರು, ಬೇಲಿ ಪಕ್ಕ ನಾನು. ಅವರದು ನಿಂತೂ ನಿಂತೂ ಹನಿ ಹನಿ, ನನ್ನದು ಧೋ ಅಂತ. ನನ್ನ ಕಡೆ ಒಂಥರಾ ಅಸೂಯೆಯಿಂದ ನೋಡ್ತಾರೆ. ಅವರಿಗೂ ಮನೇಲಿ 'ವಯಸ್ಸಾಯ್ತು' ಅಂತಲೇ ಹೇಳಿರೋದು. ಅವರು ಇನ್ನೂ ಕೊಬ್ಬರಿ ಚೀಲ ನೆನೆಸಿಲ್ಲ, ಅದಕ್ಕೇ ಆಸ್ಪತ್ರೆ ಕಂಡಿಲ್ಲ.

ಅಷ್ಟರಲ್ಲಿ ಒಳಗೆ ದೀಪ ಹತ್ತಿತು. ಬೆಳಗಿನ ಮೊದಲ ಉಚ್ಚೆ ಹಿಡಿದು ತರಬೇಕೆಂದು ಡಾಕ್ಟರು ಹೇಳಿದ್ದರಂತೆ. ಎಷ್ಟು ಗಟ್ಟಿಯಿದೆ ಅಂತ ಅದರಲ್ಲಿ ಚೆನ್ನಾಗಿ ತಿಳಿಯುತ್ತದಂತೆ. ಸೊಸೆ ಬಂದರು. ಒಂದು ಕೈಯಲ್ಲಿ ಕುದಿಸಿ ಒಣಗಿಸಿದ ಸಣ್ಣ ಬಾಟಲಿ, ಇನ್ನೊಂದರಲ್ಲಿ ಉದ್ದ ಹಿಡಿಯ ಸೌಟು. ಮೊನ್ನೆಯವರೆಗೆ ಸಾರು ಬಡಿಸುತ್ತಿದ್ದ ಸೌಟೇ. ನಾನು ಮಾತ್ರೆಯ ವಿಷಯ ಹೇಳಿದೆ. ಅವರು ಒಂದು ಗಳಿಗೆ ನಿಂತು, ತುಟಿ ಕಚ್ಚಿಕೊಂಡು, 'ಮೊದಲು ಇದಾಗಲಿ, ಆಮೇಲೆ ಅವರನ್ನ ವಿಚಾರಿಸ್ಕೋತೀನಿ' ಅಂದರು.

ಕರಿಯ ಮುಂದೆ, ಅವರು ಹಿಂದೆ. ಬೇಲಿಯ ಹತ್ತಿರ ಕಾಲೆತ್ತಿದ, ಸೌಟು ಹತ್ತಿರ ಬಂತು, ಕಾಲು ಇಳಿಯಿತು. ಪಪ್ಪಾಯಿ ಗಿಡದ ಹತ್ತಿರವೂ ಹಾಗೇ. ಪಂಪ್‌ಹೌಸಿನ ಗೋಡೆ, ತಿಪ್ಪೆ, ಬೈಕಿನ ಚಕ್ರ, ಎಲ್ಲ ಕಡೆ ನಿಂತು ಸೌಟನ್ನೇ ತಿರುಗಿ ತಿರುಗಿ ನೋಡಿದ. ಅರ್ಧ ಗಂಟೆಯಲ್ಲಿ ಒಂದು ಹನಿ ಬೀಳಲಿಲ್ಲ. 'ಹಾಳಾದವ್ನೇ, ಇಷ್ಟು ದಿನ ನೆಲ ಒರೆಸಿ ಒರೆಸಿ ಸಾಕಾಗಿದೆ, ಇವತ್ತು ನಾಚಿಕೆಯೇನೋ ನಿಂಗೆ' ಎಂದು ಸೌಟನ್ನು ಜಗಲಿ ಮೇಲಿಟ್ಟು ಸೊಸೆ ಕೊಟ್ಟಿಗೆ ಕಡೆ ಹೋದರು. ಕರಿಯ ನನ್ನ ಮುಖ ನೋಡಿ, ಮೆಲ್ಲಗೆ ಹೊಸಿಲು ದಾಟಿ ಒಳಗೆ ನಡೆದ.

ಅಟ್ಟದ ಕೆಳಗಿನಿಂದ ದೊಡ್ಡಗೌಡರ ಕೂಗು ಕೇಳಿಸಿತು: 'ಸೌಟು ತಗೊಂಬಾರೇ, ಸೌಟು!'